ಆಚೆ ಸೋರಿದರೆ ಸೋರಲಿ, ಈಚೆ ಸೋರಬಾರದು

ಕೇಳುಗರಿಗೆಲ್ಲ ನಮಸ್ಕಾರ. ಮನೆಯಲ್ಲಿ ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ಇಟ್ಟುಕೊಂಡವರು, ಯೆಜ್ಡಿ ಬೈಕನ್ನು ಮಾರೋಕೆ ಮನಸ್ಸಾಗದವರು, ಅಪ್ಪನ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತಿರುವವರು, ಇವತ್ತಿನ ಮಾತು ನಿಮ್ಮ ಜೊತೆಗೆ. ಹೊಸ ಗಾಡಿಯವರು ಬೇಕಾದರೆ ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ಒಂದೇ ವಿಷಯ ಹೇಳೋಕೆ ಬಂದಿದ್ದೇನೆ. ಏರ್ ಫಿಲ್ಟರ್ ಡಬ್ಬಿ. ಹೊರಗಿನ ಗಾಳಿ ಈ ಡಬ್ಬಿಯ ಬಾಯಿಂದ ಒಳಗೆ ಬರುತ್ತದೆ. ಫಿಲ್ಟರ್ ದಾಟುತ್ತದೆ. ಅಲ್ಲಿಂದ ರಬ್ಬರ್ ಜಾಯಿಂಟ್ ಮೂಲಕ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ಗೆ ಹೋಗುತ್ತದೆ. ಫಿಲ್ಟರ್‌ಗಿಂತ ಮೊದಲು ಡಬ್ಬಿ ಎಲ್ಲೇ ಸೀಳಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಆ ಗಾಳಿ ಹೇಗೂ ಸೋಸಿಕೊಂಡೇ ಮುಂದೆ ಹೋಗುತ್ತದೆ. ಫಿಲ್ಟರ್ ದಾಟಿದ ಮೇಲೆ ಮಾತ್ರ ಕೂದಲೆಳೆಯಷ್ಟು ಸಂದಿಯೂ ಬೇಡ. ಆಚೆ ಸೋರಿದರೆ ಸೋರಲಿ, ಈಚೆ ಸೋರಬಾರದು. ಕಾಫಿ ಸೋಸುವಾಗ ಬಟ್ಟೆಯ ಅಂಚು ಒಂದು ಕಡೆ ಮಡಚಿಕೊಂಡರೆ ಚರಟ ಎಲ್ಲಾ ಲೋಟಕ್ಕೆ ಬೀಳುತ್ತೆ ಅಲ್ವಾ? ಬಟ್ಟೆ ಎಷ್ಟು ಹೊಸದಾಗಿದ್ದರೇನು?

ಇಷ್ಟು ಚಿಕ್ಕ ಸಂದಿಯಿಂದ ಏನಾಗುತ್ತೆ ಅಂತ ಕೇಳುವವರಿಗೆ ಒಂದು ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 9,000 ಲೀಟರ್ ಗಾಳಿ ಬೇಕು. ನಮ್ಮ ರಸ್ತೆಗಳ ಗಾಳಿ! ಆರ್‌ಎಕ್ಸ್, ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಈ ಗಾಳಿ ನೇರವಾಗಿ ಸಿಲಿಂಡರ್‌ಗೂ ಹೋಗುವುದಿಲ್ಲ. ಮೊದಲು ಎಂಜಿನ್ನಿನ ಕೆಳಗಿನ ಗೂಡು, ಅಂದರೆ ಕ್ರ್ಯಾಂಕ್ ಕೇಸ್, ಅಲ್ಲಿರುವ ಬೇರಿಂಗ್‌ಗಳು, ಆಮೇಲೆ ಪಿಸ್ಟನ್ ಮತ್ತು ರಿಂಗ್. ಧೂಳು ದಾರಿಯುದ್ದಕ್ಕೂ ಎಲ್ಲವನ್ನೂ ಉಜ್ಜುತ್ತಾ ಹೋಗುತ್ತದೆ.

ಹೊಸಪೇಟೆ ಕಡೆಯ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ದಿನಾ ಸಂಡೂರು ರಸ್ತೆಯಲ್ಲಿ ಓಡಾಟ, ಅದಿರಿನ ಲಾರಿಗಳ ಹಿಂದೆ. ಆರ್‌ಎಕ್ಸ್ 100 ತಳ್ಳಿಕೊಂಡು ಬಂದ. ಸವೆದ ಸಿಲಿಂಡರನ್ನು ಒಳಗಿಂದ ಕೆತ್ತಿಸಿ, ಅಂದರೆ ಬೋರ್ ಮಾಡಿಸಿ, ಇನ್ನೂ ಒಂದು ಮಳೆಗಾಲ ಕಳೆದಿಲ್ಲ, ಆಗಲೇ ಕಂಪ್ರೆಶನ್ ಇಲ್ಲ, ಕಿಕ್ ಮಾಡಿದರೆ ಕಾಲು ಸುಮ್ನೆ ಕೆಳಗಿಳಿಯುತ್ತೆ. ಬೋರ್ ಮಾಡಿದ ಲೇತ್‌ನವನು ಮೋಸ ಮಾಡಿದ, ಡೂಪ್ಲಿಕೇಟ್ ಪಿಸ್ಟನ್ ಹಾಕಿದ ಅಂತ ಕೂಗಾಡುತ್ತಿದ್ದ. ಹೆಡ್ ಬಿಚ್ಚಿದೆ. ಸಿಲಿಂಡರ್ ಗೋಡೆಯಲ್ಲಿ ಉದ್ದುದ್ದ ಗೀರು, ಉಗುರು ಆಡಿಸಿದರೆ ಸಿಗುತ್ತಿದ್ದವು. ನಾನು ಪಿಸ್ಟನ್ ಬಿಟ್ಟು ಕಾರ್ಬೊರೇಟರ್ ಕಳಚಿದೆ. ರಬ್ಬರ್ ಜಾಯಿಂಟ್ ಒಳಗೆ ಬೆರಳು ಹಾಕಿ ತೆಗೆದೆ. ಬೆರಳು ಪೂರಾ ಕೆಂಪು.

"ಅದ್ಹೆಂಗಣ್ಣ, ಫಿಲ್ಟರ್ ಹೊಸದು ಹಾಕ್ಸೀನಲ್ಲ" ಅಂದ.

ಹೌದು, ಫಿಲ್ಟರಿನ ಸ್ಪಂಜು ಹೊಸದೇ. ಅದರ ಈಚೆ ಬದಿಯಲ್ಲಿ ಧೂಳು ಹೇಗೆ ಬಂತು? ಡಬ್ಬಿಯ ಮುಚ್ಚಳ ನೋಡಿದರೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಇಲ್ಲ. ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದಾರೆ, ಮೂಲೆಯಲ್ಲಿ ಎರಡು ತುದಿ ಕೂಡಿಲ್ಲ. ಅದೇ ಜಾಗದಿಂದ ಒಳಕ್ಕೆ ಕೆಂಪು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಆಮೇಲೆ ರಬ್ಬರ್ ಜಾಯಿಂಟ್ ಕೈಗೆ ತಗೊಂಡೆ. ಮೇಲಿಂದ ಚೆನ್ನಾಗೇ ಇದೆ. ಬಗ್ಗಿಸಿದೆ, ಕೆಳಗಡೆ ಬಾಯಿ ಬಿಟ್ಟಿತು. ಕ್ಲಿಪ್ಪನ್ನು ಸ್ಕ್ರೂ ತಲೆ ಸವೆಯುವ ತನಕ ಬಿಗಿದಿದ್ದಾರೆ. ಕಲ್ಲಾದ ರಬ್ಬರನ್ನು ಎಷ್ಟು ಬಿಗಿದರೂ ಅದು ಕೂರುವುದಿಲ್ಲ, ಸೀಳುತ್ತದೆ. ಪಾಪ, ಲೇತ್‌ನವನದು ಏನೂ ತಪ್ಪಿರಲಿಲ್ಲ. ಆರ್‌ಎಕ್ಸ್ 100ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಇರುವುದೇ 50 ಮಿಲಿಮೀಟರ್. ಪ್ರತಿ ಸಲ ಕಾಲು ಮಿಲಿಮೀಟರ್ ಕೆತ್ತುತ್ತಾ ಹೋದರೆ ಎಷ್ಟು ಸಲ ಕೆತ್ತಬಹುದು, ನೀವೇ ಹೇಳಿ.

ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದು 1996ರಲ್ಲಿ. ಮೈಸೂರಿನ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಕಂಪನಿಯಿಂದ ಬಂದ ರಬ್ಬರೇ ನಿಮ್ಮ ಗಾಡಿಯಲ್ಲಿ ಇನ್ನೂ ಇದ್ದರೆ ಅದರ ವಯಸ್ಸು ನೀವೇ ಎಣಿಸಿಕೊಳ್ಳಿ.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಡಬ್ಬಿ ಬಿಚ್ಚಿ, ಕತ್ತಲೆ ಕೋಣೆಗೆ ತಗೊಂಡು ಹೋಗಿ, ಒಳಗೆ ಟಾರ್ಚ್ ಬಿಡಿ. ಬೆಳಕು ಹೊರಗೆ ಬಂದ ಕಡೆ ಗಾಳಿ ಒಳಗೆ ಬರುತ್ತದೆ. ಊದುಬತ್ತಿ ಹೊಗೆ ಹಿಡಿದು ನೋಡುವವರಿದ್ದಾರೆ. ಪೆಟ್ರೋಲ್ ಪಕ್ಕದಲ್ಲಿ ಬೆಂಕಿ, ದಯವಿಟ್ಟು ಬೇಡ. ಡಬ್ಬಿಯ ಬೆಸುಗೆ ಬಿಟ್ಟಿದ್ದರೆ ಜಿಡ್ಡು ಪೂರ್ತಿ ಒರೆಸಿ, ಒಣಗಿದ ಮೇಲೆ ಸೀಲಂಟ್ ಹಚ್ಚಿ. ಜಿಡ್ಡಿನ ಮೇಲೆ ಹಚ್ಚಿದರೆ ಎರಡೇ ದಿನಕ್ಕೆ ಸಿಪ್ಪೆ ಎದ್ದು ಬರುತ್ತೆ. ಮುಚ್ಚಳಕ್ಕೆ ಒಂದೇ ತುಂಡಿನ ಗ್ಯಾಸ್ಕೆಟ್ ಹಾಕಿ. ಫಿಲ್ಟರ್ ಕೂರುವ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ. ರಬ್ಬರ್ ಜಾಯಿಂಟ್ ಸೀಳಿದ್ದರೆ ತೇಪೆ ಬೇಡ, ಟೇಪೂ ಬೇಡ, ಬೇರೆಯದೇ ಹಾಕಿ. ಬೋರಿನ ಖರ್ಚಿನ ಮುಂದೆ ಅದು ಏನೂ ಅಲ್ಲ.

ಸೋರಿಕೆ ಮುಚ್ಚಿದ ಮೇಲೆ ಕಾರ್ಬೊರೇಟರ್ ಟ್ಯೂನಿಂಗ್ ಮತ್ತೆ ಮಾಡಿಸಿ. ಇಷ್ಟು ದಿನ ಕಳ್ಳ ಗಾಳಿ ಸೇರಿಸಿಯೇ ಅದನ್ನು ಹೊಂದಿಸಿರುತ್ತಾರೆ. ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಗಾಡಿಗಳಲ್ಲಿ ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಹಿಡಿದುಕೊಳ್ಳೋದು ಹಾಗೆ. ಅದನ್ನು ಬಿಡಿಸಿ ಹೇಳೋಕೆ ಈಗ ಹೊತ್ತಿಲ್ಲ.

ಇನ್ನು ಸೌಂಡ್ ಬರಲಿ ಅಂತ ಡಬ್ಬಿಯನ್ನೇ ಕಿತ್ತು ಬಿಸಾಡುವ ಹುಡುಗರೇ, ನಿಮಗೆ ನಾನು ಏನೂ ಹೇಳುವುದಿಲ್ಲ. ನೀವು ಬಿಸಾಡಿದ ಡಬ್ಬಿಗೆ ಏನೂ ಆಗಿರದಿದ್ದರೆ ನನಗೆ ತಂದು ಕೊಡಿ. ಅದಕ್ಕಾಗಿ ಊರೂರು ಹುಡುಕುವವರಿದ್ದಾರೆ. ನಮಸ್ಕಾರ.