ಮೊದಲು ಗಾಳಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕ್ಲಿಪ್ಪರ್, ಅಂದರೆ ವೇಗಕ್ಕೆಂದೇ ಕಟ್ಟಿದ ಹಳೇ ಕಾಲದ ಹಾಯಿಹಡಗಿನ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಹೋಟೆಲಿನ ಗೋಡೆ ಮೇಲೋ ನೀವೂ ನೋಡಿರುತ್ತೀರಿ. ಮೂರು ಕೂವೆಮರ, ಮೈತುಂಬ ಹಾಯಿ. ಎಷ್ಟು ಚೆನ್ನಾಗಿದೆ ಅಂದು ಮುಂದೆ ಹೋಗಿರುತ್ತೀರಿ. ಹೋಗಬೇಡಿ, ಸ್ವಲ್ಪ ನಿಲ್ಲಿ. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ, ಅದನ್ನು ಮೊದಲು ಹುಡುಕಿ.

ಬಾವುಟ ಹೇಳುತ್ತದೆ. ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ಬಾವುಟ ಮುಂದಕ್ಕೆ ಹಾರಬೇಕು. ಗಾಳಿ ಹಡಗಿಗಿಂತ ಜೋರಾಗಿ ಓಡುತ್ತಿರುತ್ತದೆ, ಅಲ್ವಾ? ಕೆಲವು ಚಿತ್ರಕಾರರು ಅದನ್ನು ಮಂತ್ರಿಗಳ ಕಾರಿನ ಬಾವುಟದ ಹಾಗೆ ಹಿಂದಕ್ಕೆ ಹಾರಿಸಿಬಿಡುತ್ತಾರೆ. ಹಾಯಿ ಮುಂದಕ್ಕೆ ಉಬ್ಬಿದೆ, ಬಾವುಟ ಹಿಂದಕ್ಕೆ! ಒಂದು ಹಡಗಿಗೆ ಎರಡು ಗಾಳಿಯೇ?

ಇಂಗ್ಲೆಂಡಿನ ಚಿತ್ರಕಾರ ಮಾಂಟೇಗ್ ಡಾಸನ್ ನೌಕಾಪಡೆಯಲ್ಲಿದ್ದವರು, ಗಾಳಿ ಬಲ್ಲವರು. ಅವರು ಬಿಡಿಸಿದ ಏರಿಯಲ್ ಮತ್ತು ಟೈಪಿಂಗ್ ಹಡಗುಗಳ ಕಥೆ ಹೇಳಲೇಬೇಕು. 1866ರ ಮೇ ಕೊನೆಯಲ್ಲಿ ಚೀನಾದ ಫೂಚೌನಿಂದ ಹೊಸ ಚಹಾ ತುಂಬಿಕೊಂಡು ಕ್ಲಿಪ್ಪರುಗಳು ಹೊರಟವು. ಮೊದಲು ಲಂಡನ್ ಮುಟ್ಟಿದ ಚಹಾಕ್ಕೆ ಟನ್ನಿಗೆ 10 ಷಿಲಿಂಗ್ ಹೆಚ್ಚು ಬಾಡಿಗೆ. ಆಫ್ರಿಕಾದ ತುದಿ ಸುತ್ತಿಕೊಂಡು ಬರಬೇಕು. ಸೆಪ್ಟೆಂಬರ್ 5ರ ಬೆಳಿಗ್ಗೆ ಇಂಗ್ಲಿಷ್ ಕಾಲುವೆಯಲ್ಲಿ ನೋಡಿದರೆ ಇವೆರಡೂ ಅಕ್ಕಪಕ್ಕ! ನೈಋತ್ಯದ ಗಾಳಿ ಬೆನ್ನಿಗೆ, ವೇಗ 14 ನಾಟ್, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ಏರಿಯಲ್ ಕೆಲವೇ ನಿಮಿಷ ಮುಂದಿತ್ತು. ಆದರೆ ಥೇಮ್ಸ್ ನದಿಯಲ್ಲಿ ಹಾಯಿ ಮಡಚಿ, ಟಗ್ ಬೋಟು ಕಟ್ಟಿ ಎಳೆಸಬೇಕು. ಟೈಪಿಂಗಿಗೆ ಸಿಕ್ಕ ಟಗ್ ಗಟ್ಟಿಯಾದದ್ದು. 28 ನಿಮಿಷ ಮೊದಲೇ ಧಕ್ಕೆ ಸೇರಿಬಿಟ್ಟಿತು! 99 ದಿನದ ಓಟ. ಕೊನೆಗೆ ಮಾಲೀಕರು ಜಗಳವಾಡದೆ ಆ ಹೆಚ್ಚಿನ ಬಾಡಿಗೆಯ ದುಡ್ಡನ್ನು ಹಂಚಿಕೊಂಡರು.

ಸಮಯ ಮುಗಿಯುತ್ತಾ ಬಂತಂತೆ, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬಣ್ಣದ ವಿಷಯ ಬಿಡೋಣ. ಅಲೆಗಳ ನೊರೆಯನ್ನೂ ಗಮನಿಸಿ, ಅದೂ ಗಾಳಿ ಹೋದ ಕಡೆಗೇ ಹಾರಬೇಕು. ‘ಹಗ್ಗ ಎಲ್ಲಾ ಸರಿಯಾಗಿ ಬಿಡಿಸಿದ್ದಾರಾ?’ ಅಂತ ಕೇಳುತ್ತಾರೆ. ಹಗ್ಗ ಆಮೇಲೆ ಎಣಿಸಿ, ಸ್ವಾಮಿ. ಗಾಳಿ ಮೊದಲು.

ಅಂದಹಾಗೆ, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಆ ದಾರಿಯ ಕೆಂಪು ಸಮುದ್ರದ ಗಾಳಿ ಹಾಯಿಹಡಗಿಗೆ ಒಗ್ಗುತ್ತಿರಲಿಲ್ಲ. ಚಹಾವೆಲ್ಲ ಸ್ಟೀಮರುಗಳ ಪಾಲಾಯಿತು. ನಮಸ್ಕಾರ.