ನಿರಪರಾಧಿಯ ನೇಣು: ಮಿಲ್ ಹೇಳಿದ ನ್ಯಾಯ

ಎಲ್ಲರಿಗೂ ನಮಸ್ಕಾರ.

ಹೆಚ್ಚು ಜನರಿಗೆ ಹೆಚ್ಚು ಸುಖ ತರುವುದೇ ಸರಿ ಎನ್ನುವ ಉಪಯುಕ್ತತಾವಾದದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ. ಊರಲ್ಲಿ ದಂಗೆ ಏಳುವಂತಿದೆ. ಒಬ್ಬ ನಿರಪರಾಧಿಯನ್ನು ನೇಣಿಗೆ ಹಾಕಿದರೆ ಜನ ತಣ್ಣಗಾಗುತ್ತಾರೆ, ನೂರಾರು ಜೀವ ಉಳಿಯುತ್ತದೆ. ಹೆಚ್ಚು ಜನರ ಹೆಚ್ಚು ಸುಖವೇ ಮುಖ್ಯ ಅನ್ನುವವರು ಆಗ ‘ಹಾಕಿ ನೇಣಿಗೆ’ ಅನ್ನಬೇಕು, ಅಲ್ವಾ?

ಈ ವಾದವನ್ನು ಸಮರ್ಥಿಸಿದ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಪಾಲಿಗೆ ಇದು ಬರೀ ಕಲ್ಪನೆಯಾಗಿ ಉಳಿಯಲಿಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಅವನ ವಾದ ನೋಡೋಣ.

1861ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಅವನ ಲೇಖನಗಳು 1863ರಲ್ಲಿ ‘ಯುಟಿಲಿಟೇರಿಯನಿಸಂ’ (ಉಪಯುಕ್ತತಾವಾದ) ಎಂಬ ಪುಸ್ತಕವಾದವು. ಅದರ ಕೊನೆಯ ಅಧ್ಯಾಯವೇ ನ್ಯಾಯದ ಬಗ್ಗೆ. ಅನ್ಯಾಯ ಕಂಡಾಗ ನಮಗೆ ಸಿಟ್ಟು ಬರುತ್ತದಲ್ಲ, ಅದರ ಬೇರು ಹೊಡೆದವನಿಗೆ ತಿರುಗಿ ಹೊಡೆಯುವ ಪ್ರಾಣಿಗುಣ ಎಂದು ಮಿಲ್ ನೇರವಾಗಿ ಒಪ್ಪಿಕೊಳ್ಳುತ್ತಾನೆ. ಅದಷ್ಟೇ ಇದ್ದರೆ ನೀತಿಯಲ್ಲ. ಎಲ್ಲರ ಹಿತದ ಕಾಳಜಿ ಜೊತೆಗೆ ಸೇರಬೇಕು.

ದಾನ ಕೊಡುವುದು ಒಳ್ಳೆಯದೇ. ಆದರೆ ನನಗೇ ಕೊಡು ಎಂದು ಯಾರೂ ಹಕ್ಕಿನಿಂದ ಕೇಳುವಂತಿಲ್ಲ. ಸಾಲ ಕೊಟ್ಟವನು ಮಾತ್ರ ಕೇಳಬಹುದು. ಹೀಗೆ ಗೊತ್ತಾದ ಒಬ್ಬ ವ್ಯಕ್ತಿಯ ಹಕ್ಕು ಎಲ್ಲಿದೆಯೋ ಅಲ್ಲಿ ನ್ಯಾಯದ ಮಾತು. ಸಮಾಜ ಆ ಹಕ್ಕನ್ನು ಯಾಕೆ ಕಾಯಬೇಕು? ಎಲ್ಲರ ಒಳಿತಿಗಾಗಿ, ಮುಖ್ಯವಾಗಿ ಭದ್ರತೆಗಾಗಿ. ಬೇರೆ ಎಷ್ಟೋ ಸುಖಗಳನ್ನು ಬಿಟ್ಟು ಬದುಕಬಹುದು. ಭದ್ರತೆ ಇಲ್ಲದಿದ್ದರೆ ನಮಗಿಂತ ಬಲಶಾಲಿಯಾದವನು ಇದ್ದದ್ದನ್ನೆಲ್ಲ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದು.

ಈಗ ಆಗ ಬ್ರಿಟಿಷರ ವಸಾಹತಾಗಿದ್ದ ಜಮೈಕಾ ದ್ವೀಪಕ್ಕೆ ಹೋಗೋಣ. 1865ರ ಅಕ್ಟೋಬರ್‌ನಲ್ಲಿ ಮೊರಾಂಟ್ ಬೇ ಎಂಬಲ್ಲಿ ಕಪ್ಪು ರೈತರು ದಂಗೆ ಎದ್ದರು. ಗವರ್ನರ್ ಎಡ್ವರ್ಡ್ ಐರ್ ಸೇನಾ ಕಾನೂನು ಹೇರಿದ, ಅಂದರೆ ಮಾಮೂಲಿ ಕೋರ್ಟಿನ ಬದಲು ಸೇನೆಯದೇ ವಿಚಾರಣೆ, ಶಿಕ್ಷೆ. ನಾನೂರಕ್ಕೂ ಜಾಸ್ತಿ ಜನ ಸತ್ತರು. ಗವರ್ನರನ ಕಟು ಟೀಕಾಕಾರ, ಶಾಸನಸಭೆಯ ಸದಸ್ಯ ಜಾರ್ಜ್ ವಿಲಿಯಂ ಗಾರ್ಡನ್ ಆಗ ಕಿಂಗ್‌ಸ್ಟನ್‌ನಲ್ಲಿದ್ದ. ಅಲ್ಲಿ ಸೇನಾ ಕಾನೂನೇ ಇರಲಿಲ್ಲ! ಅವನನ್ನು ಹಿಡಿದು, ಆ ಕಾನೂನು ಇದ್ದ ಮೊರಾಂಟ್ ಬೇಗೆ ಸಾಗಿಸಿ, ಅವಸರದಲ್ಲಿ ವಿಚಾರಣೆ ಮುಗಿಸಿ ಗಲ್ಲಿಗೇರಿಸಿದರು. ದ್ವೀಪವನ್ನು ಉಳಿಸಿದ ವೀರ ಎಂದು ಕಾರ್ಲೈಲ್, ಡಿಕನ್ಸ್‌ರಂಥ ಹೆಸರಾಂತ ಲೇಖಕರು ಐರ್‌ನ ಬೆನ್ನಿಗೆ ನಿಂತರು.

ಮೇಲಿನ ಪ್ರಶ್ನೆ ಹೆಚ್ಚುಕಡಿಮೆ ಹಾಗೇ ಎದುರಿಗೆ ಬಂದಿತ್ತು. ಮಿಲ್ ನಿಂತದ್ದು ಗಾರ್ಡನ್ ಪರ. ಇದಕ್ಕಾಗಿಯೇ ಇಂಗ್ಲೆಂಡಿನಲ್ಲಿ ಕಟ್ಟಿದ್ದ ಜಮೈಕಾ ಸಮಿತಿಯ ಅಧ್ಯಕ್ಷನಾಗಿ ಐರ್‌ನನ್ನು ಕೊಲೆಯ ವಿಚಾರಣೆಗೆ ಎಳೆಯಲು ಹೋರಾಡಿದ. ವಿಜ್ಞಾನಿ ಡಾರ್ವಿನ್ ಕೂಡ ಜೊತೆಗಿದ್ದ. ಅಧಿಕಾರಿಯೊಬ್ಬ ಕಾನೂನನ್ನು ಬದಿಗಿಟ್ಟು ಕೊಲ್ಲಬಹುದಾದರೆ ಯಾರ ಜೀವಕ್ಕೂ ಭದ್ರತೆ ಇಲ್ಲ. ನ್ಯಾಯದ ಬಗೆಗಿನ ಆ ಅಧ್ಯಾಯದ ತರ್ಕ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಆದರೆ ಮೊಕದ್ದಮೆ ಮುಂದೆ ಸಾಗಲಿಲ್ಲ, ಐರ್‌ಗೆ ಶಿಕ್ಷೆಯಾಗಲಿಲ್ಲ. ಮಿಲ್‌ಗೆ ಕೊಲೆ ಬೆದರಿಕೆಯ ಪತ್ರಗಳು ಬಂದವು. 1868ರಲ್ಲಿ ಪಾರ್ಲಿಮೆಂಟ್ ಚುನಾವಣೆಯನ್ನೂ ಸೋತ.

ಇಷ್ಟಾದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಜೀವ ಉಳಿಸಲು ಔಷಧಿ ಕದಿಯುವುದು, ವೈದ್ಯನನ್ನು ಬಲವಂತವಾಗಿ ಹೊತ್ತು ತರುವುದು ಕರ್ತವ್ಯವಾಗಬಹುದು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಅಂಥ ಕಡೆ ಮಾಮೂಲಿ ನ್ಯಾಯ ಇಲ್ಲಿ ನ್ಯಾಯವಲ್ಲ ಅಂದುಬಿಟ್ಟರೆ ಆಯಿತಂತೆ. ಇದು ಜಾರಿಕೊಳ್ಳುವ ಮಾತು. ಐರ್ ಹೇಳಿಕೊಂಡದ್ದೂ ತುರ್ತಿನ ನೆಪವನ್ನೇ ಅಲ್ವಾ?

ಇನ್ನೊಂದು ನಮಗೇ ಸಂಬಂಧಪಟ್ಟದ್ದು. 1823ರಿಂದ 1858ರವರೆಗೆ ಮಿಲ್ ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಬ್ರಿಟಿಷ್ ಪ್ರಜೆಗಳ ಜೀವ ಕಾನೂನಿನ ಕಾವಲಲ್ಲಿ ಇರಬೇಕೆಂದವನೇ, ‘ಹಿಂದುಳಿದ’ ಜನರ ಏಳಿಗೆಗಾಗಿ ನಿರಂಕುಶ ಆಳ್ವಿಕೆ ಸರಿ ಎಂದು 1859ರಲ್ಲಿ ಬರೆದ. ಯಾರು ಹಿಂದುಳಿದವರು ಎಂದು ತೀರ್ಮಾನಿಸುವವರು ಮಾತ್ರ ಆಳುವವರೇ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.