ಕತ್ತಲೆಕೋಣೆಯ ಲೆನ್ಸು, ಡಿಜಿಟಲ್ ಸೆನ್ಸರು

ಕೇಳುಗರಿಗೆ ನಮಸ್ಕಾರ.

ಫಿಲ್ಮ್ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ಹಾಕುತ್ತಿದ್ದ ಎನ್‌ಲಾರ್ಜರ್ ಹಲವರಿಗೆ ನೆನಪಿರುತ್ತದೆ. ಆ ಯಂತ್ರ ಗುಜರಿಗೆ ಹೋದರೂ ಹೋಗಲಿ, ಡಿಜಿಟಲ್ ಕ್ಯಾಮೆರಾಕ್ಕೆ ಹಾಕಲು ಲೆನ್ಸನ್ನು ಮಾತ್ರ ಬಿಚ್ಚಿಟ್ಟುಕೊಳ್ಳಿ. ನಿಕಾನ್‌ನ ಎಲ್-ನಿಕ್ಕೋರ್, ರೋಡೆನ್‌ಸ್ಟಾಕ್‌ನ ರೋಡಗಾನ್, ಷ್ನೈಡರ್‌ನ ಕಾಂಪೊನಾನ್-ಎಸ್, ಇವೆಲ್ಲ ಚಪ್ಪಟೆ ಹಾಳೆಯ ನಾಲ್ಕು ಮೂಲೆಯೂ ನಡುವಿನಷ್ಟೇ ಚೊಕ್ಕವಾಗಿ ಮೂಡಲಿ ಎಂದೇ ಮಾಡಿದವು. ಕ್ಯಾಮೆರಾಕ್ಕೆ ಹಾಕಿದಾಗ ನೆಗೆಟಿವ್ ಇದ್ದ ಕಡೆ ಸೆನ್ಸರ್ ಕೂರುತ್ತದೆ, ಕಾಗದ ಇದ್ದ ಕಡೆ ನಮ್ಮ ವಸ್ತು. ತಾಳೆಗರಿ, ಭೂಪಟ, ವರ್ಣಚಿತ್ರ, ಹಳೆಯ ದಾಖಲೆ ತೆಗೆಯುವವರಿಗೆ ಇದಕ್ಕಿಂತ ಒಪ್ಪುವ ಲೆನ್ಸ್ ಈ ಬೆಲೆಗೆ ಸಿಗುವುದು ಕಷ್ಟ. ಚಿತ್ರ ಕೆಟ್ಟರೆ ಹೆಚ್ಚಿನ ಸಲ ತಪ್ಪು ಗಾಜಿನದಲ್ಲ. ಗಾಜಿಗೂ ಸೆನ್ಸರಿಗೂ ನಡುವೆ ನಾವು ಜೋಡಿಸಿದ್ದರದು.

ಮೊದಲು ಥ್ರೆಡ್. ಹೆಚ್ಚಿನ ಎನ್‌ಲಾರ್ಜರ್ ಲೆನ್ಸುಗಳ ಹಿಂಬದಿಯಲ್ಲಿ 39 ಮಿಲಿಮೀಟರ್ ಅಗಲದ ಲೈಕಾ ಥ್ರೆಡ್ ಇರುತ್ತದೆ, ಇಂಚಿಗೆ 26 ಸುತ್ತು. ಕ್ಯಾಮೆರಾಕ್ಕೆ ಜೋಡಿಸಲು ಇದನ್ನು 42 ಮಿಲಿಮೀಟರಿಗೆ ಏರಿಸುವ ರಿಂಗ್ ಕೊಳ್ಳುವಾಗ ಎಚ್ಚರ ಬೇಕು. 42ರಲ್ಲಿ ಎರಡು ಜಾತಿ: ಎಂ-42 ಎನ್ನುವ ಪೆಂಟಾಕ್ಸ್ ಥ್ರೆಡ್‌ನ ಸುತ್ತಿನಿಂದ ಸುತ್ತಿಗೆ ಅಂತರ 1 ಮಿಲಿಮೀಟರ್, ಟಿ-2 ಥ್ರೆಡ್‌ನದು 0.75. ಎರಡೂ ಒಂದರೊಳಗೊಂದು ಅರ್ಧ ಸುತ್ತು ಹೋಗಿ ಬಿಗಿಯುತ್ತವೆ. ಅಲ್ಲಿಂದ ಮುಂದಕ್ಕೆ ಬಲ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ತಿಂದುಹೋಗುತ್ತದೆ.

ಈ ಲೆನ್ಸುಗಳಲ್ಲಿ ಫೋಕಸ್ ಮಾಡುವ ಏರ್ಪಾಡಿಲ್ಲ. ಅದಕ್ಕೆ ಹೆಲಿಕಾಯ್ಡ್, ಅಂದರೆ ತಿರುಗಿಸಿದರೆ ಉದ್ದವಾಗುವ ಕೊಳವೆ ಬೇಕು, ಇಲ್ಲವೇ ಬೆಲೋಸ್, ಅಂದರೆ ಹಿಗ್ಗಿ ಕುಗ್ಗುವ ಮಡಿಕೆಗಳ ಚೀಲ. ಸೆನ್ಸರ್ 44 ಗುಣಿಸು 33 ಮಿಲಿಮೀಟರಿನದಾದರೆ, ಕ್ಯಾಮೆರಾದ ಬಾಯಿಗೇ ಎಂ-42 ಕೊಳವೆ ಸಿಕ್ಕಿಸಬೇಡಿ. ಅದರ ಒಳ ಅಗಲ 40 ಮಿಲಿಮೀಟರಿನ ಆಸುಪಾಸು, ಸೆನ್ಸರಿನ ಕರ್ಣವೇ 55. ಮೂಲೆಗೆ ಬರುವ ಬೆಳಕಿಗೆ ಕೊಳವೆಯ ಗೋಡೆ ಅಡ್ಡ ಬಂದು ನಾಲ್ಕೂ ಮೂಲೆ ಕಪ್ಪಾಗುತ್ತವೆ. ಕ್ಯಾಮೆರಾ ಕಡೆಗೆ 65 ಮಿಲಿಮೀಟರ್ ಥ್ರೆಡ್‌ನ ಎಂ-65 ಹೆಲಿಕಾಯ್ಡ್ ಇಟ್ಟು, 39ಕ್ಕೆ ಇಳಿಸುವ ರಿಂಗನ್ನು ಲೆನ್ಸಿನ ಪಕ್ಕದಲ್ಲೇ ಹಾಕಿ. ಬೆಲೋಸ್ ಕ್ಯಾಮೆರಾ ಇದ್ದವರು ಕೊಪಾಲ್ 1 ಅಳತೆಯ ಶಟರ್‌ಗೆಂದು ತೂತು ಕೊರೆದ ಲೆನ್ಸ್ ಬೋರ್ಡನ್ನೇ, ಅಂದರೆ ಲೆನ್ಸ್ ಕೂರಿಸುವ ಹಲಗೆಯನ್ನೇ ಬಳಸಬಹುದು. ಆ ತೂತು 41.6 ಮಿಲಿಮೀಟರ್, ಹಾಗಾಗಿ ಲೆನ್ಸ್ ಸಡಿಲವಾಗಿ ಕೂರುತ್ತದೆ. ಹಿಂದಿನಿಂದ 39ರ ರಿಂಗ್ ನಟ್ ಬಿಗಿಯುವ ಮುನ್ನ ಲೆನ್ಸನ್ನು ನಡುವಿಗೆ ತನ್ನಿ. ಕೊಪಾಲ್ 0ರ ತೂತು 34.6, ಅದರಲ್ಲಿ ಇಳಿಯುವುದಿಲ್ಲ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ಈಚಿನ ಮಾದರಿಗಳಲ್ಲಿ ಬೆಳಕಿನ ತೂತಿನ ಅಳತೆ ಹೇಳುವ ಅಪರ್ಚರ್ ಅಂಕಿ ಕತ್ತಲಲ್ಲಿ ಹೊಳೆಯಲಿ ಎಂದು ಒಂದು ಬೆಳಕಿನ ಕಿಂಡಿ ಇಟ್ಟಿರುತ್ತಾರೆ. ಎನ್‌ಲಾರ್ಜರಿನಲ್ಲಿ ದೀಪದ ಬೆಳಕು ಹಿಂದಿನಿಂದ ಬಂದು ಅಂಕಿಯನ್ನು ಬೆಳಗುತ್ತಿತ್ತು. ಕ್ಯಾಮೆರಾದಲ್ಲಿ ಅದೇ ದಾರಿ ಉಲ್ಟಾ: ಕೋಣೆಯ ಬೆಳಕು ಅಂಕಿಯ ಮೂಲಕ ಒಳನುಗ್ಗಿ ಸೆನ್ಸರಿನ ಮೇಲೆ ಬೀಳುತ್ತದೆ. ಚಿತ್ರದಲ್ಲಿ ಕಪ್ಪು ಕಪ್ಪಾಗಿರದೆ ಮಾಸಿದಂತಾಗುತ್ತದೆ, ಒಂದು ಬದಿಗೆ ಮಂಜು ಕವಿದಂತೆ. ಜನ ಲೆನ್ಸೇ ಸರಿಯಿಲ್ಲ ಎಂದು ಮಾರಿಬಿಡುತ್ತಾರೆ. ಪರೀಕ್ಷೆ ಸುಲಭ. ಲೆನ್ಸಿಗೆ ಮುಚ್ಚಳ ಹಾಕಿ, ಐಎಸ್‌ಒ 1600ಕ್ಕೆ ಇಟ್ಟು, 30 ಸೆಕೆಂಡ್ ಶಟರ್ ತೆರೆದು, ಅಷ್ಟೂ ಹೊತ್ತು ಲೆನ್ಸಿನ ಸುತ್ತ, ಬೆಲೋಸ್‌ನ ಮಡಿಕೆಗಳ ಸುತ್ತ ಟಾರ್ಚ್ ಹರಿಸಿ. ಚಿತ್ರದಲ್ಲಿ ಹೊಳಪು ಕಂಡರೆ ಸೋರಿಕೆ ಇದೆ. ಹಿಂಬದಿಯ ಕಿಂಡಿಗೆ ಪುಟ್ಟ ತುಂಡು ಕಪ್ಪು ಅಂಟುಟೇಪ್ ಸಾಕು, ಗಾಜಿಗೆ ತಾಗದಂತೆ. ಜೊತೆಗೆ ಮುಂದೆ ಅಡ್ಡ ಬೆಳಕು ತಡೆಯುವ ಒಂದು ಹುಡ್ ಹಾಕಿ, ಹೊಳೆಯುವ ರಿಂಗುಗಳ ಒಳಮೈಗೆ ಕಪ್ಪು ಮಖಮಲ್ ಅಂಟಿಸಿ.

ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಚಿತ್ರ’ ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ ಹಲವು ಕ್ಯಾಮೆರಾಗಳು ಶಟರ್ ಬಿಡುವುದೇ ಇಲ್ಲ. ಟ್ರೈಪಾಡ್ ಮೇಲೆ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆಫ್ ಇರಲಿ. ಅಪರ್ಚರ್ ಎಫ್ 8ರಲ್ಲಿ ನಿಲ್ಲಿಸಿ. 10 ಕೋಟಿ ಪಿಕ್ಸೆಲ್‌ನ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ 3.76 ಮೈಕ್ರಾನ್, ಎಫ್ 11ಕ್ಕೆ ಹೋದರೆ ಬೆಳಕು ಬಾಗುವುದರಿಂದ ಒಂದು ಚುಕ್ಕಿ ಸುಮಾರು 15 ಮೈಕ್ರಾನ್‌ಗೆ ಹರಡುತ್ತದೆ. ಅಲ್ಲಿಂದಾಚೆಗೆ ಸೂಕ್ಷ್ಮ ವಿವರ ಹೋಗುತ್ತದೆ.

ಇನ್ನು ಲಾರ್ಜ್ ಫಾರ್ಮ್ಯಾಟ್, ಅಂದರೆ ದೊಡ್ಡ ನೆಗೆಟಿವ್‌ಗೆಂದು ಮಾಡಿದ ಲೆನ್ಸಿನ ಅಸಲಿ ಲಾಭ, ಹಲವು ಚಿತ್ರ ಹೊಲಿದು ಒಂದು ಮಾಡುವುದು. 150 ಮಿಲಿಮೀಟರ್ ಲೆನ್ಸ್ 4 ಗುಣಿಸು 5 ಇಂಚಿನ ನೆಗೆಟಿವ್‌ಗೆಂದು ಮಾಡಿದ್ದು. ಅದು ನಾಲ್ಕು ಪಟ್ಟು ದೊಡ್ಡದು ಮಾಡುವಾಗ ಚಿತ್ರದಿಂದ ತುಂಬುವ ವೃತ್ತ, ದೂರದ ವಸ್ತುವಿಗೆ ಫೋಕಸ್ ಮಾಡಿದಾಗ ಸುಮಾರು 123 ಮಿಲಿಮೀಟರಿಗೆ ಇಳಿಯುತ್ತದೆ. ಅಷ್ಟಾದರೂ ಧಾರಾಳ. ಸೆನ್ಸರನ್ನು ನಿಲುವಾಗಿ ಇಟ್ಟು, ಅಡ್ಡಕ್ಕೆ ಎಡ, ನಡು, ಬಲ, 25 ಮಿಲಿಮೀಟರಿನ ಹೆಜ್ಜೆ. ನಡುವಿನಿಂದ ಮೇಲಕ್ಕೆ 16.5, ಕೆಳಕ್ಕೆ 16.5ರಂತೆ ಎರಡು ಸಾಲು. ಆರು ಚಿತ್ರ ಹೊಲಿದರೆ 83 ಗುಣಿಸು 77 ಮಿಲಿಮೀಟರಿನ ಸೆನ್ಸರ್ ಸಿಕ್ಕಂತೆ, ಸುಮಾರು 44 ಕೋಟಿ ಪಿಕ್ಸೆಲ್. ಸರಿಸಬೇಕಾದ್ದು ಹಿಂದಿನ ಭಾಗ, ಕ್ಯಾಮೆರಾವನ್ನು. ಲೆನ್ಸನ್ನು ಸರಿಸಿದರೆ ನೋಟದ ನೆಲೆಯೇ ಬದಲಾಗಿ ಹತ್ತಿರದ ಅಂಚುಗಳು ಹೊಂದುವುದಿಲ್ಲ.

ಇದೇ 150ರ ಲೆನ್ಸಿನಲ್ಲಿ ತಾಳೆಗರಿಯನ್ನು ಸೆನ್ಸರಿನ ಮೇಲೆ ಐದರಲ್ಲೊಂದು ಅಳತೆಗೆ ತೆಗೆಯುವಿರಿ ಎನ್ನಿ. ಬೆಲೋಸ್ 30 ಮಿಲಿಮೀಟರ್ ಹೆಚ್ಚು ಎಳೆಯಬೇಕು, ಲೆನ್ಸಿನಿಂದ ಗರಿಗೆ ಸುಮಾರು 90 ಸೆಂಟಿಮೀಟರ್, ಬೆಳಕು ಅರ್ಧ ಸ್ಟಾಪ್ ಹೆಚ್ಚು, ಅಂದರೆ ಸುಮಾರು 1.4 ಪಟ್ಟು ಬೇಕು. ಗರಿ ಇಡುವ ಮೇಜಿನ ಮೇಲೆ ಚಿಕ್ಕ ಕನ್ನಡಿ ಇಟ್ಟು ನೋಡಿ: ಲೆನ್ಸಿನ ಪ್ರತಿಬಿಂಬ ತೆರೆಯ ನಡುವೆ ಬಂದರೆ ಸೆನ್ಸರ್ ಮತ್ತು ಮೇಜು ಸಮಾನಾಂತರವಾಗಿವೆ.

ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಎರಡನ್ನೂ ಕೈಯಾರೆ ಲಾಕ್ ಮಾಡಿ. ಆರೂ ಚಿತ್ರ ಮುಗಿದ ಮೇಲೆ ಲೆನ್ಸಿನ ಮುಂದೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಹಿಡಿದು, ಅದೇ ಆರು ಜಾಗಗಳಲ್ಲಿ ಇನ್ನೊಂದು ಸುತ್ತು ತೆಗೆಯಿರಿ. ಅಂಚಿನ ಕತ್ತಲನ್ನೂ ಬಣ್ಣದ ಛಾಯೆಯನ್ನೂ ಹೊಲಿಯುವ ಮುನ್ನ ಕಳೆಯಲು ಅವು ಬೇಕಾಗುತ್ತವೆ.